ಅಕ್ಕನ ಬಹುವಚನ

ಅಕ್ಕ ಬೈಯತೊಡಗಿದಳೆಂದರೆ ಬೀದಿಯ ಆ ತುದಿಯವರೂ ಕಿಟಕಿ ತೆರೆದು ಕಿವಿಗೊಡುತ್ತಿದ್ದರು. ಆ ವಾಗ್ಝರಿಯಲ್ಲಿ ಹಾಗೊಂದು ಲಯವಿತ್ತು. ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ ಮಾಡಿ ಮಾಡಿ ಬಲಭುಜ ಒಂದಿಷ್ಟು ಕೆಳಗಿಳಿದಿತ್ತು. ನಡಿಗೆ ಮಾತ್ರ ಎದುರಿಗೆ ಬಂದವರೇ ದಾರಿ ಬಿಡಬೇಕೆಂಬಂಥದ್ದು. ಮೈಮೇಲೆ ಸದಾ, ಯಾವನೋ ಗಿರಾಕಿ ಒಗೆಯಲು ಕೊಟ್ಟು ಮರೆತುಹೋದ, ಮಂಡಿಯವರೆಗೆ ಇಳಿಯುವ ಕಂದು ಕೋಟು. ‘ಬಂದು ಕೇಳಲಿ, ಬಿಚ್ಚಿಕೊಡ್ತೀನಿ’ ಎನ್ನುತ್ತಿದ್ದಳು. ಕೇಳುವ ಧೈರ್ಯ ಯಾವನಿಗಿತ್ತು!

ಕತ್ತೆ, ಮುಟ್ಠಾಳ, ದಂಡಪಿಂಡ ಎಂಬ ಬಿರುದುಗಳಿಗೆಲ್ಲ ಏಕಮಾತ್ರ ಹಕ್ಕುದಾರ ಅವಳ ತಮ್ಮ, ಟೈಲರ್. ಅವನ ರಕ್ತಕ್ಕೆ ಕ್ಯಾನ್ಸರ್ ತಗುಲಿದಾಗ ಅಕ್ಕ ಕೋಟಿನ ತೋಳು ಮಡಚಿ, ‘ಎಷ್ಟು ಬೇಕೋ ತಗೊಳ್ಳಿ, ನಂದು ಗಟ್ಟಿ ರಕ್ತ’ ಎಂದು ಕೂತುಬಿಟ್ಟಳು. ಅವಳ ರಕ್ತದಿಂದ ಬೇರ್ಪಡಿಸಿದ ಕಾಂಡಕೋಶಗಳು ತಮ್ಮನ ಮೂಳೆಯ ಮಜ್ಜೆಯಲ್ಲಿ ಬೇರೂರಿದವು, ಕ್ಯಾನ್ಸರ್ ಹಿಮ್ಮೆಟ್ಟಿತು. ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ಅವನ ಚರ್ಮ ಬಿಗಿಯತೊಡಗಿತು. ಮೊಣಕೈ ಮಡಚದಾಯಿತು, ಬೆರಳು ಕತ್ತರಿಯ ಹಿಡಿಯೊಳಗೆ ತೂರದಾಯಿತು. ಕತ್ತರಿ ಹಿಡಿಯದ ಟೈಲರನ ಗತಿಯೇನು?

‘ನಿಮ್ಮ ಅಕ್ಕನ ಕಣಗಳು ನಿಮ್ಮ ಮೈ ಜೊತೆ ಜಗಳಕ್ಕೆ ಬಿದ್ದಿವೆ’ ಎಂದರು ಡಾಕ್ಟರು. ತಮ್ಮ ನಕ್ಕು, ‘ರಕ್ತದೊಳಗೆ ಕೂತೂ ಬೈತಿದ್ದೀಯಲ್ಲೇ ಅಕ್ಕಾ!’ ಎಂದ. ಅವನು ತಮಾಷೆಗೆ ಆಡಿದ್ದನ್ನು ಅವಳು ನಿಜವೆಂದೇ ನಂಬಿದಳು.

ಮರುದಿನ ತಟ್ಟೆ ಮುಂದಿಟ್ಟು, ‘ಊಟ ಮಾಡಿ, ತಣ್ಣಗಾಗುತ್ತೆ’ ಎಂದಳು. ಇನ್ಯಾರು ಬಂದರೆಂದು ತಮ್ಮ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ.

ಚಿಕಿತ್ಸೆ ಶುರುವಾಯಿತು. ಒರಗುಕುರ್ಚಿಯ ಪಕ್ಕದ ಯಂತ್ರ ಅವನ ರಕ್ತವನ್ನು ಸೆಳೆದು, ಬಿಳಿ ಕಣಗಳನ್ನಷ್ಟೇ ಬೇರ್ಪಡಿಸಿ, ಬೆಳಕಿಗೆ ಸ್ಪಂದಿಸುವ ಔಷಧಿ ಬೆರೆಸಿ, ನೇರಳಾತೀತ ಕಿರಣಕ್ಕೆ ಒಡ್ಡಿ, ಮತ್ತೆ ಅವನ ಮೈಗೇ ಮರಳಿಸುತ್ತಿತ್ತು. ‘ನಮ್ಮ ಲಾಂಡ್ರಿ ಥರಾನೇ’ ಎಂದಳು ಅಕ್ಕ. ‘ಹಾಗೇ ಅಂದ್ಕೊಳ್ಳಿ. ಜಗಳಗಂಟ ಕಣಗಳು ನಿಧಾನವಾಗಿ ತಣ್ಣಗಾಗ್ತವೆ. ಆದ್ರೆ ನಾಳೆವರೆಗೂ ಇವರ ಕಣ್ಣಿಗೆ, ಮೈಗೆ ಬಿಸಿಲು ಸೋಕಬಾರದು’ ಎಂದಳು ನರ್ಸು.

ತಿಂಗಳುಗಳು ಉರುಳಿದರೂ ಅಕ್ಕನ ಬಹುವಚನ ಇಳಿಯಲಿಲ್ಲ. ತಮ್ಮ ಬೇಕೆಂದೇ ಒದ್ದೆ ಟವೆಲನ್ನು ಹಾಸಿಗೆಯ ಮೇಲೆಸೆದ, ನಲ್ಲಿಯನ್ನು ತೆರೆದೇ ಬಿಟ್ಟ. ಅವಳು ತುಟಿ ಪಿಟಕ್ಕೆನ್ನದೆ ಸರಿಮಾಡಿದಳು. ಬಿಗಿದ ಚರ್ಮಕ್ಕಿಂತ ಈ ಮರ್ಯಾದೆಯೇ ಅವನಿಗೆ ಹೆಚ್ಚು ನೋಯುತ್ತಿತ್ತು.

‘ಒಂದ್ಸಲ ಬೈಯೇ ಅಕ್ಕಾ.’

‘ಬೇಡಪ್ಪ. ನನ್ನ ಬಾಯಿಂದಾನೇ ನಿಮಗೆ ಈ ಗತಿ ಬಂದಿದ್ದು.’

ಕಣಗಳಿಗೆ ಮಾತು ತಿಳಿಯದೆಂದು ನರ್ಸು ಬಿಡಿಸಿ ಹೇಳಿದ್ದೆಲ್ಲ ಗೋಡೆಗೆ ಹೇಳಿದಂತಾಯಿತು.

ಒಂದು ಮಧ್ಯಾಹ್ನ ಚಿಕಿತ್ಸೆ ಮುಗಿಸಿ ಹೊರಬಂದಾಗ ಬಸ್ಸು ಹೊರಡುವುದರಲ್ಲಿತ್ತು. ಕಪ್ಪು ಕನ್ನಡಕ, ಟೋಪಿ ಎರಡನ್ನೂ ಕುರ್ಚಿಯಲ್ಲೇ ಮರೆತ ತಮ್ಮ ಉರಿಬಿಸಿಲಿಗೆ ಓಡಿದ.

‘ಏಯ್ ಕತ್ತೆ! ನಿಲ್ಲೋ! ಕಣ್ಣು ಹೋದ್ರೆ ಸೂಜಿಗೆ ದಾರ ನಿಮ್ಮಪ್ಪ ಪೋಣಿಸ್ತಾನೇನೋ?’

ಬಸ್ಸಿನವರೆಲ್ಲ ತಿರುಗಿ ನೋಡುವಷ್ಟರಲ್ಲಿ ಆ ಕಂದು ಕೋಟು ಅವನ ತಲೆಯ ಮೇಲೆ ಬಿದ್ದಿತ್ತು. ಗಂಜಿಯ ವಾಸನೆಯ ಆ ಕತ್ತಲೊಳಗಿಂದ ತಮ್ಮ, ‘ನಮ್ಮಪ್ಪ ನಿನಗೇನಾಗ್ಬೇಕೇ?’ ಎಂದು ಕೇಳಿದ, ಕೇಳುತ್ತಲೇ ಅತ್ತುಬಿಟ್ಟ. ಬೈದುಬಿಟ್ಟೆನಲ್ಲ ಎಂದು ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬಸ್ಸು ಹೋಯಿತು.

ಮುಂದಿನ ಸರದಿಯವರೆಗೆ ಅವಳಿಗೆ ಊಟ ಸೇರಲಿಲ್ಲ. ನರ್ಸು ತಮ್ಮನ ಮುಂಗೈ ಚರ್ಮವನ್ನು ಚಿವುಟಿ ಎತ್ತಿ ನೋಡಿದಳು. ಇಷ್ಟು ದಿನ ಹಲಗೆಯ ಹಾಗಿದ್ದ ಚರ್ಮ ಕೊಂಚವೇ ಮೇಲೆದ್ದಿತು. ‘ಮೆತ್ತಗಾಗ್ತಿದೆ’ ಎಂದಳು. ‘ನಾನು ಬೈದ ಮೇಲೂನಾ?’ ಎಂದು ಅಕ್ಕ ಮತ್ತೆ ಮತ್ತೆ ಕೇಳಿದಳು. ಆಮೇಲೆ ತಮ್ಮನತ್ತ ತಿರುಗಿ, ‘ಕನ್ನಡಕ ಎಲ್ಲೋ, ಮುಟ್ಠಾಳ?’ ಎಂದಳು.

ಇಂಥವರು ಮನೆಗೊಬ್ಬರಾದರೂ ಇರುತ್ತಾರೆ. ಅಂತಃಕರಣವನ್ನು ಆಡಿ ತೋರಿಸಲು ಬೈಗುಳವೊಂದನ್ನು ಬಿಟ್ಟು ಬೇರೆ ಭಾಷೆ ಅವರಿಗೆ ಬಾರದು. ಅವರು ಬೈಯುವಷ್ಟು ದಿನ ನಿಶ್ಚಿಂತೆಯಿಂದ ಇರಬಹುದು. ‘ನೀವು’ ಎಂದ ದಿನ ಮಾತ್ರ ಹತ್ತಿರ ಹೋಗಿ ಕೂತುಕೊಳ್ಳಬೇಕು. ಒಳಗೆ ಎಲ್ಲೋ ಅವರು ಅಳುತ್ತಿರುತ್ತಾರೆ.