ಸಾಲ್ಟ್ ಬೆಂಡಿನ ನಲವತ್ತು ಹೇಸರಗತ್ತೆಗಳು

ಓರ್ವಿಲ್ ಟಿಂಚರ್‌ನನ್ನು ಊರಿಂದ ಓಡಿಸಲು ಸಾಲ್ಟ್ ಬೆಂಡಿನ ಮರ್ಯಾದಾ ಸಮಿತಿಯವರು ಲಾಯದಲ್ಲಿದ್ದ ಅತಿ ಮುದಿ ಪ್ರಾಣಿಯನ್ನೇ ಆರಿಸಿದರು. ಅದು ಕತ್ತಿಗೆ ಗಂಟೆ ಕಟ್ಟಿದ್ದ ಒಂದು ಬೂದು ಬಣ್ಣದ ಹೆಣ್ಣುಕುದುರೆ. ಬಾಲದ ಕಡೆ ಮುಖ ಮಾಡಿಸಿ ಅವನನ್ನು ಅದರ ಮೇಲೆ ಕೂರಿಸಿದರು, ಕೈ ಕಟ್ಟಿದರು, ಬಾಯಿಗೆ ಬಟ್ಟೆ ತುರುಕಿದರು. ಇಷ್ಟು ಅವಮಾನ ಸಾಕೋ ಇನ್ನೂ ಬೇಕೋ ಎಂದು ಸಮಿತಿಯ ಅಧ್ಯಕ್ಷ ಥ್ಯಾಡಿಯಸ್ ಕ್ರಂಪ್ ದೂರ ನಿಂತು ಕತ್ತು ವಾಲಿಸಿ ನೋಡಿದ. ಈ ಮಹಾಶಯ ಬಾಸ್ಟನ್ನಿನಿಂದ ಬಂದು ಟೋಪಿ ಅಂಗಡಿ ಇಟ್ಟವನು. ಹೇಸರಗತ್ತೆ ಕಾಯುವವರು ನಾರುತ್ತಾರೆಂದು ಅವರೊಡನೆ ಒಂದು ದಿನವೂ ಮಾತಾಡಿದವನಲ್ಲ. ಮಾತಾಡಿದ್ದರೆ, ಗಂಟೆ ಕಟ್ಟಿದ ಹೆಣ್ಣುಕುದುರೆ ಎತ್ತ ಹೋದರೆ ಮಂದೆಯ ಹೇಸರಗತ್ತೆಗಳೆಲ್ಲ ಅತ್ತಲೇ ಹೋಗುತ್ತವೆ, ಅವಕ್ಕೆ ಅದೇ ತಾಯಿ, ಅದೇ ದೇವರು ಎಂದು ಯಾರಾದರೂ ಹೇಳುತ್ತಿದ್ದರು.

ಓರ್ವಿಲ್‌ಗೆ ಇದು ಗೊತ್ತಿತ್ತು. ಹೇಳಲು ಒದ್ದಾಡಿದ. ಬಟ್ಟೆಯೊಳಗಿಂದ ಬರೀ "ಊಂ ಊಂ" ಎಂದು ಬಂತು.

"ಕ್ಷಮೆ ಕೇಳ್ತಾ ಇದಾನೆ," ಎಂದ ಕ್ರಂಪ್, ತೃಪ್ತಿಯಿಂದ. "ಮೊದ್ಲೇ ಕೇಳ್ಬೇಕಿತ್ತು ಕಣಯ್ಯಾ. ಹೊಡೀರಿ ಕುದುರೇನ."

ಇಪ್ಪತ್ತು ವರ್ಷದ ಹಿಂದೆ ಓರ್ವಿಲ್ ಟೆಕ್ಸಸ್ಸಿನಲ್ಲಿ ಒಂದು ಕುದುರೆ ಕದ್ದದ್ದು ನಿಜ. ಅದಕ್ಕಾಗಿ ಆರು ವರ್ಷ ಸೆರೆಮನೆಯಲ್ಲಿ ಕಲ್ಲು ಒಡೆದದ್ದೂ ನಿಜ. ಆಮೇಲೆ ಅವನು ಯಾರ ಒಂದು ಗುಂಡುಸೂಜಿಯನ್ನೂ ಮುಟ್ಟಿರಲಿಲ್ಲ. ಆದರೆ ಆ ಹಳೇ ಸುದ್ದಿ ಊರಿಗೆ ತಲುಪಿದ ದಿನದಿಂದ ಏನು ಕಳೆದರೂ ಅವನ ತಲೆಗೇ ಬಂತು. ಕ್ರಂಪನ ಹೆಂಡತಿಯ ಬಾಣಲೆ, ಪಾದ್ರಿಯ ಕನ್ನಡಕ, ಕೊನೆಗೆ ಒಬ್ಬ ಮುದುಕನ ನೆನಪಿನ ಶಕ್ತಿ ಕೂಡ.

ಅವನ ಜೊತೆ ಊರು ಬಿಡಬೇಕಾದ ಇನ್ನೊಬ್ಬಳು ರೋವೆನಾ ಡಬ್ಸ್, ವಿಸ್ಕಿ ಅಂಗಡಿಯಲ್ಲಿ ಇಸ್ಪೀಟು ಆಡಿಸುತ್ತಿದ್ದವಳು. ಅವಳಿಗೆ ಕುದುರೆಯೂ ಇಲ್ಲ. ಸಮಿತಿಯಲ್ಲಿ ತನ್ನ ಮೇಜಿಗೆ ಬಂದು ಆಡದವರು ಯಾರ್ಯಾರೆಂದು ನೆನಪಿಸಿಕೊಳ್ಳುತ್ತಾ, ಒಬ್ಬನೂ ನೆನಪಾಗದೆ, ಕೊಡೆ ಬಿಚ್ಚಿಕೊಂಡು ಕುದುರೆಯ ಪಕ್ಕದಲ್ಲಿ ನಡೆದಳು.

ಸಮಿತಿಯವರು ಕೈ ಒರೆಸಿಕೊಂಡು ಕಾಫಿಗೆ ಹೋದರು. ಅದು ಹೇಸರಗತ್ತೆಗಳನ್ನು ಮೇಯಲು ಬಿಡುವ ಹೊತ್ತು, ದೊಡ್ಡಿಯ ಬಾಗಿಲು ತೆರೆದಿತ್ತು. ಹಿಂದುಮುಂದಾಗಿ ಕೂತಿದ್ದ ಓರ್ವಿಲ್ ಒಬ್ಬನೇ ಅದನ್ನು ನೋಡಿದ: ಒಂದು ಉದ್ದ ಮುಖ ಹೊರಗೆ ಬಂತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಇನ್ನೂ ಮೂವತ್ತೆಂಟು. ಎಲ್ಲವೂ ಅವನನ್ನೇ ನೋಡುತ್ತಾ ಬಂದವು.

ಒಂದು ಮೈಲಿ ಕಳೆದ ಮೇಲೆ ರೋವೆನಾ ಅವನ ಬಾಯಿಯ ಬಟ್ಟೆ ಎಳೆದು, ಕೈ ಬಿಚ್ಚಿದಳು.

"ಹಿಂದೆ ನೋಡಿ," ಎಂದ ಓರ್ವಿಲ್.

ನೋಡಿದಳು. "ಅಲ್ಲಯ್ಯಾ ಟಿಂಚರ್, ಒಂದಕ್ಕೆ ಆರು ವರ್ಷ ಅಂದ್ರೆ ನಲವತ್ತಕ್ಕೆ ಎಷ್ಟಾಯ್ತು?"

"ವರ್ಷ ಅಲ್ಲ ಮಿಸ್ ರೋವೆನಾ. ಈ ಸೀಮೇಲಿ ಹಗ್ಗ."

ಕೆಳಗಿಳಿದು ಕೂಗಾಡಿದ, ಮಣ್ಣೆರಚಿದ. ಅವು ಆಟವೆಂದುಕೊಂಡು ಇನ್ನೂ ಹತ್ತಿರ ಬಂದವು. ಒಂದು ಅವನ ಟೋಪಿಯ ಅಂಚು ತಿಂದಿತು.

"ಗಡಿ ಒಂದು ದಿನದ ದಾರಿ," ಎಂದಳು ರೋವೆನಾ. "ಹೇಸರಗತ್ತೆ ಅಂದ್ರೆ ಮೆಕ್ಸಿಕೋದೋರು ಬಾಯ್ ಬಾಯ್ ಬಿಡ್ತಾರೆ. ನಡಿ."

"ಊರಿಗೆ ನದಿಯಿಂದ ನೀರು ಎಳೆದು ತರೋದು ಇವೇ. ನಾಳೆ ಅಲ್ಲಿ ಮಕ್ಕಳು ಏನು ಕುಡೀತವೆ?"

"ವಿಸ್ಕಿ."

ಓರ್ವಿಲ್ ನಗಲಿಲ್ಲ. "ತಗೊಂಡೋದೋನು ಅಂತ ಇಪ್ಪತ್ತು ವರ್ಷ ಅನ್ನಿಸ್ಕೊಂಡೆ. ತಂದುಕೊಟ್ಟೋನು ಅಂತ ಒಂದು ಸಲ ಅನ್ನಿಸ್ಕೋಬೇಕು. ಒಬ್ಬರು ಅಂದ್ರೂ ಸಾಕು."

"ಅನ್ನೋಕೆ ಮುಂಚೆ ನೇಣು ಹಾಕ್ಬಿಟ್ರೆ?"

ಓರ್ವಿಲ್ ಕುದುರೆ ಹತ್ತಿ, ಈ ಸಲ ಮುಂದಕ್ಕೆ ಮುಖ ಮಾಡಿ ಕೂತು, ಊರಿನ ಕಡೆ ತಿರುಗಿಸಿದ. "ನಿನ್ನ ಬುದ್ಧಿ ಮೊಣಕಾಲಲ್ಲಿದೆ," ಎಂದು ಬೈಯುತ್ತಾ ರೋವೆನಾಳೂ ತಿರುಗಿದಳು.

ಮಧ್ಯಾಹ್ನ ಟೋಪಿ ಅಂಗಡಿಯ ಮುಂದೆ ಪಂಚಾಯ್ತಿ ಸೇರಿತು. ನೀರಿನ ಪೀಪಾಯಿಗಳು ಖಾಲಿಯಾಗಿ ಸಮಿತಿಯ ನಾಲಿಗೆಗಳು ಒಣಗಿದ್ದವು. ಹಗ್ಗ ಮಾತ್ರ ಸಿದ್ಧವಾಗಿತ್ತು.

"ಕದ್ದಿಲ್ಲ ಸ್ವಾಮಿ," ಎಂದ ಓರ್ವಿಲ್. "ಅವೇ ಬಂದ್ವು."

"ಎಲ್ಲಾ ಕಳ್ಳರೂ ಹೀಗೇ ಅನ್ನೋದು," ಎಂದ ಕ್ರಂಪ್. "ಸಾಕ್ಷಿ ಯಾರು?"

"ಮಿಸ್ ರೋವೆನಾ."

ಕ್ರಂಪ್ ಒಣ ಗಂಟಲಲ್ಲೇ ನಕ್ಕ. "ಈ ಹೆಂಗಸಿನ ಬಾಯಲ್ಲಿ ಇವತ್ತಿನವರೆಗೆ ಒಂದು ನಿಜ ಬಂದಿಲ್ಲ ಅಂತ ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ. ಪಾದ್ರಿಗಳು ಬರೆದಿಟ್ಟಿದಾರೆ."

ರೋವೆನಾ ನಿಧಾನವಾಗಿ ಕೊಡೆ ಮಡಿಸಿದಳು. "ಹೌದಾ? ಹಾಗಾದ್ರೆ ಇದನ್ನೂ ಬರ್ಕೊಳ್ಳಿ. ಇವನು ಕಳ್ಳ. ನಲವತ್ತನ್ನೂ ಇವನೇ ಕದ್ದ. ನಾನೇ ಕಣ್ಣಾರೆ ನೋಡಿದೀನಿ."

ಕ್ರಂಪ್ ಗೆದ್ದೆನೆಂದು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು. ಪಾದ್ರಿ ಲೇಖನಿ ಹಿಡಿದು, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಕೇಳಿದರು: "ಆಕೆ ಹೇಳೋದೆಲ್ಲ ಸುಳ್ಳು ಅಂದ್ಮೇಲೆ... ಕದ್ದಿಲ್ಲ ಅಂತ ಬರೀಲಾ?"

"ಬೇಕಿದ್ರೆ ನನ್ನ ಮಾತು ನಂಬಿ," ಎಂದಳು ರೋವೆನಾ. "ನಂಗೇನೂ ಬೇಜಾರಿಲ್ಲ. ಆದ್ರೆ ಆಮೇಲೆ ನನ್ನ ಮೇಜಿನ ಮುಂದೆ ಯಾರ್ಯಾರು ಕೂತಿದ್ರು ಅಂತಾನೂ ಹೇಳ್ತೀನಿ. ಅದನ್ನೂ ನಂಬಬೇಕಾಗುತ್ತೆ."

ಸಮಿತಿಯವರು ಒಟ್ಟಿಗೆ ಕೆಮ್ಮಿದರು. "ಕದ್ದಿಲ್ಲ," ಎಂದ ಕ್ರಂಪ್, ನೆಲ ನೋಡುತ್ತಾ. "ಬರೀರಿ. ಇಬ್ಬರೂ ಇಲ್ಲೇ ಇರ್ಲಿ. ಯಾರಾದ್ರೂ ಬೇಗ ನೀರು ತರ್ರಪ್ಪಾ."

ಬಂಡಿಗಳು ನದಿಗೆ ಹೊರಟವು. ಬರಿದಾದ ನೀರಿನ ತೊಟ್ಟಿಯ ಅಂಚಿನಲ್ಲಿ ಓರ್ವಿಲ್ ಒಬ್ಬನೇ ಕೂತಿದ್ದ. ಕುತ್ತಿಗೆ ಉಳಿದಿತ್ತು, ಉಳಿದದ್ದು ಹೇಗೆಂದೂ ಗೊತ್ತಿತ್ತು. ಆದರೂ ಮನಸ್ಸು ಚುರುಗುಟ್ಟುತ್ತಿತ್ತು. ರೋವೆನಾ ಬಂದು ಪಕ್ಕ ಕೂತಳು.

"ಎಲ್ಲರೆದುರಿಗೂ ನೀವೂ ಕಳ್ಳ ಅಂದ್ರಲ್ಲ," ಎಂದ.

"ಅಂದೆ. ನನ್ನ ಮನಸ್ಸಲ್ಲಿ ಏನಿದೆ ಅಂತ ಯಾರೂ ಕೇಳ್ಲಿಲ್ಲ."

ಓರ್ವಿಲ್ ತಲೆಯ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ಏನಿದೆ?"

"ನೀನೇ ತಂದುಕೊಟ್ಟೆ ಅಂತ."

ಓರ್ವಿಲ್ ಅಂಚು ಹರಿದ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ರೋವೆನಾ ಕೊಡೆ ಬಿಚ್ಚಿ, ದಾರಿಹೋಕರಿಗೆ ಕಾಣದ ಹಾಗೆ ಅವನಿಗೆ ಅಡ್ಡ ಹಿಡಿದಳು.