ಹಲಗೆ ಮುಟ್ಟಿ ಹೇಳಿದ ದರ

ನಾನು ಒಂದು ಕರಿಹಲಗೆ. ಶಾಲೆಗೆಂದು ಹುಟ್ಟಿದವನು. ಆನೆಗೊಂದಿಯ ಬಡಿಗ ಮಾನಪ್ಪ ನನ್ನನ್ನು ಸಾಗುವಾನಿಯಲ್ಲಿ ಮಾಡಿ, ಇದ್ದಲ ಪುಡಿಯನ್ನು ಸೊಪ್ಪಿನ ರಸದಲ್ಲಿ ಅರೆದು ಬಳಿದ. ಮಕ್ಕಳ ಮುಂದೆ ನಿಲ್ಲುತ್ತೇನೆಂದು ಬೀಗುತ್ತಿದ್ದೆ. ಶಾಲೆ ಏಳಲೇ ಇಲ್ಲ. ಮಾನಪ್ಪ ನನ್ನನ್ನು ತುಂಗಭದ್ರೆಯ ದಂಡೆಯ ಸರಾಫ ವಿರೂಪಣ್ಣನಿಗೆ ಮಾರಿ ಕೈತೊಳೆದುಕೊಂಡ.

ಆ ಕಾಲದಲ್ಲಿ ಹೊಳೆಯ ಈಚೆ ನಿಜಾಮರ ಹಾಲಿ ರೂಪಾಯಿ, ಆಚೆ ಇಂಗ್ಲಿಷರ ಕಲದಾರ ರೂಪಾಯಿ. ಈಚಿನ ರೊಕ್ಕ ಆಚೆ ಯಾರೂ ಮುಟ್ಟುತ್ತಿರಲಿಲ್ಲ. ಹರಿಗೋಲು ಹತ್ತುವ ಮುಂಚೆ ವಿರೂಪಣ್ಣನ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಬೇಕು. ನೂರು ಕಲದಾರಕ್ಕೆ ಎಷ್ಟು ಹಾಲಿ ಎಂಬುದನ್ನು ನನ್ನ ಎದೆಯ ಮೇಲೆ ಬರೆಯುತ್ತಿದ್ದರು. ನೂರಾ ಹದಿನೈದು, ಹದಿನಾರು, ಹೆಚ್ಚೆಂದರೆ ಹದಿನೆಂಟು. ಮೊದಲೆರಡು ಅಂಕಿ ಎಂದೂ ಬದಲಾಗುವುದಿಲ್ಲ, ಸೀಮೆಸುಣ್ಣ ಯಾಕೆ ದಂಡ ಎಂದು ಜುಗ್ಗ ವಿರೂಪಣ್ಣ ಎರಡು ಒಂದುಗಳನ್ನು ಉಳಿಯಿಂದ ಕೊರೆಸಿಬಿಟ್ಟ. ಕೊನೆಯ ಅಂಕಿ ಮಾತ್ರ ಸುಣ್ಣದ್ದು.

ಓದು ಬಲ್ಲವರಿಗೆ ನಾನು ಹೇಳಿದ್ದೇ ದರ. ಓದು ಬಾರದವರು ಮಾತ್ರ, "ಹಲಗಿ ಮುಟ್ಟಿ ಹೇಳ್ರಿ" ಎನ್ನುತ್ತಿದ್ದರು. ಬರೆದದ್ದನ್ನು ಮುಟ್ಟಿ ಯಾರಾದರೂ ಸುಳ್ಳಾಡುತ್ತಾರೆಯೇ ಎಂಬುದು ಅವರ ನಂಬಿಕೆ. ವಿರೂಪಣ್ಣ ಆಡುತ್ತಿದ್ದ.

ಒಂದು ಬೇಸಿಗೆಯ ಕೊನೆಗೆ ಹುಲಿಗೆಮ್ಮ ಬಂದಳು. ಮಂಡಾಳ, ಅಂದರೆ ಚುರುಮುರಿ, ಹುರಿದು ಮಾರುವ ಹೆಂಗಸು, ಗಂಡನಿಲ್ಲ. ಬಗಲಲ್ಲಿ ಆರು ವರ್ಷದ ಮಗಳು ದುರಗವ್ವ. ಮಗುವಿನ ಎಡ ಪಾದ ಒಳಕ್ಕೆ ಮಡಚಿಕೊಂಡಿತ್ತು. ಆಚೆ ದಂಡೆಯ ದವಾಖಾನೆಯ ಡಾಕ್ಟರು, ನೂರು ಕಲದಾರ ಬೇಕು, ಈ ವರ್ಷದ ಮಳೆ ಹಿಡಿಯುವುದರೊಳಗೆ ಕರೆತಂದರೆ ಕಾಲು ನೆಟ್ಟಗಾಗುತ್ತದೆ, ತಡವಾದರೆ ಎಲುಬು ಬಲಿಯುತ್ತದೆ ಎಂದಿದ್ದರಂತೆ. ಮೂರು ವರ್ಷ ಭಟ್ಟಿಯ ಮುಂದೆ ಬೆಂದು ಆಕೆ ಕೂಡಿಸಿದ್ದು ನೂರಾ ಹದಿನೇಳು ಹಾಲಿ. ನೂರಾ ಹದಿನಾರು ಡಾಕ್ಟರಿಗೆ, ಒಂದು ಹರಿಗೋಲಿಗೆ.

ಅಂದು ನನ್ನ ಮೇಲಿದ್ದದ್ದೂ ನೂರಾ ಹದಿನಾರೇ.

"ಇವತ್ತಿನ ದರ ನೂರಾ ಇಪ್ಪತ್ತೆಂಟು, ತಂಗಿ" ಎಂದ ವಿರೂಪಣ್ಣ.

"ನಮ್ಮೂರ ಲೆಕ್ಕ ಬರಿಯೋ ಪಟವಾರಿ ನೂರಾ ಹದಿನಾರು ಸಾಕು ಅಂದಿದ್ರಲ್ರಿ!"

"ಪಟವಾರಿ ಊರಾಗ ಕುಂತು ಹೇಳ್ತಾನ. ಇಲ್ಲಿ ಬರದೈತಿ ನೋಡು."

"ಹಲಗಿ ಮುಟ್ಟಿ ಹೇಳ್ರಿ, ಸಾವ್ಕಾರ್ರ."

ಅವನ ಬೆರಳು ಸರಿಯಾಗಿ ನನ್ನ ಕೊರೆದ ಅಂಕಿಯ ಮೇಲೆ ಬಂದು ಕೂತಿತು. ನನಗೆ ಬಾಯಿ ಇದ್ದಿದ್ದರೆ ಕಚ್ಚಿಬಿಡುತ್ತಿದ್ದೆ. ಹುಲಿಗೆಮ್ಮ ಪಟವಾರಿಯನ್ನು ಬೈದುಕೊಂಡು, ತೊಂಬತ್ತು ಕಲದಾರ ಮತ್ತು ಚಿಲ್ಲರೆ ಸೆರಗಿಗೆ ಕಟ್ಟಿ, ಹರಿಗೋಲು ಹತ್ತದೆ ಊರಿಗೆ ತಿರುಗಿದಳು. ಉಳಿದದ್ದನ್ನು ಹದಿನೈದು ದಿನದಲ್ಲಿ ತರುತ್ತೇನೆಂದು ಹೋದವಳು ಜ್ವರ ಹಿಡಿದು ಮಲಗಿದಳು. ಭಟ್ಟಿ ತಣ್ಣಗಾಯಿತು. ಹೊಳೆ ತುಂಬಿ ಹರಿಗೋಲೂ ನಿಂತಿತು.

ಮತ್ತೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಕಡಿಮೆ ಬಿದ್ದ ಹತ್ತು ಕಲದಾರಕ್ಕೆ ಹದಿಮೂರು ಹಾಲಿ ಸುರಿದು ಮುಂಜಾನೆಯೇ ಹೊಳೆ ದಾಟಿದಳು. ಸಂಜೆ ಅದೇ ಗಂಟು ಹಿಡಿದು ಅಂಗಡಿಯ ಮುಂದೆ ನಿಂತಳು.

"ಎಲುಬು ಬಲತಾವಂತ್ರಿ. ಇನ್ನ ಆಗೂದಿಲ್ಲಂತ" ಎಂದಳು. ಅಳಲಿಲ್ಲ. "ಇದನ್ನ ಹೊಳ್ಳಿ ಹಾಲಿ ಮಾಡಿಕೊಡ್ರಿ. ಈ ರೊಕ್ಕ ತಗೊಂಡು ನಮ್ಮೂರಾಗ ಏನ್ ಮಾಡ್ಲಿ?"

ಈಗಲಾದರೂ ಈ ಮನುಷ್ಯ ಕರಗುತ್ತಾನೆಂದುಕೊಂಡೆ. ನಾನೆಂಥ ಮರದ ಕೊರಡು!

"ನೂರಕ್ಕ ನೂರಾ ಹತ್ತು ಬರ್ತಾವ."

"ಮುಂಜಾನಿ ನೂರಾ ಇಪ್ಪತ್ತೆಂಟು ಇತ್ತಲ್ರಿ?"

"ದರ ಅಂದ್ರ ಹೊಳಿ ನೀರು ಇದ್ದಂಗವ್ವ. ಏರತೈತಿ, ಇಳಿತೈತಿ." ಕೇಳುವ ಮೊದಲೇ ನನ್ನನ್ನು ಮುಟ್ಟಿದ. ಮುಂಜಾನೆ ಬರೆದ ಆರನ್ನು ಅವನು ಇನ್ನೂ ಒರೆಸಿಯೂ ಇರಲಿಲ್ಲ.

ಆಮೇಲೆ ರಾಜ್ಯ ಬದಲಾಯಿತು. ಹುಲಿಗೆಮ್ಮನ ಊರಿಗೆ ಕನ್ನಡ ಶಾಲೆ ಬಂತು, ದುರಗವ್ವ ಅಲ್ಲಿ ಅಂಕಿ ಕಲಿತಳು. ಹಾಲಿಗೆ ಇನ್ನು ಕಾಲವಿಲ್ಲ ಎಂದು ಡಂಗುರ ಹೊಡೆದಾಗ, ಉಳಿದ ನಾಲ್ಕು ರೂಪಾಯಿ ಹಿಡಿದು ತಾಯಿ ಮಗಳು ಅಂಗಡಿಗೆ ಬಂದರು. ದುರಗವ್ವ ಈಗ ಕೋಲೂರಿಕೊಂಡು ನಡೆಯುತ್ತಿದ್ದಳು. ನನ್ನನ್ನೇ ನೋಡಿದಳು, ಹತ್ತಿರ ಬಂದು ಬೆರಳಾಡಿಸಿದಳು.

"ಅವ್ವಾ, ನೂರಾ ಇಪ್ಪತ್ತೆಂಟು ಬರೆದಿತ್ತು ಅಂತೀಯಲ್ಲ, ಇದರಾಗ ಹ್ಯಾಂಗ ಬರೀತಾರ? ಒಂದು, ಒಂದು ಅಂತ ಕೊರದಾರ. ನಡುವ ಎರಡು ಬರಾಕ ಜಾಗಾನ ಇಲ್ಲ."

ಹುಲಿಗೆಮ್ಮ ಮಗಳ ಬೆರಳಿದ್ದಲ್ಲಿ ತನ್ನ ಬೆರಳಿಟ್ಟು ನೋಡಿದಳು. ಕಡೆಗೆ, "ಈಗ ಮುಟ್ಟಿ ಹೇಳ್ರಿ, ಸಾವ್ಕಾರ್ರ" ಎಂದಳು.

ವಿರೂಪಣ್ಣ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ. "ಹಳೇದು ಯಾಕ ಕೆದಕ್ತಿ ತಂಗಿ? ಆ ರೊಕ್ಕಾನ ಈಗ ರದ್ದಾತು."

ಅಂಗಡಿ ಮುಚ್ಚಿದಾಗ ಅವನು ನನ್ನನ್ನು ಹಿತ್ತಲಿಗೆ ಎಸೆದ. ಹುಲಿಗೆಮ್ಮ ಬಂದು ಯಾರನ್ನೂ ಕೇಳದೆ ತಲೆಯ ಮೇಲೆ ಹೊತ್ತು ಒಯ್ದಳು. ಒಲೆಗಿಡುತ್ತಾಳೆಂದುಕೊಂಡೆ. ಇಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಇಡಲಿಲ್ಲ. ಭಟ್ಟಿಯ ಪಕ್ಕದ ಗೋಡೆಗೆ ಆನಿಸಿಟ್ಟಿದ್ದಾಳೆ. ಮೈಯ ಕಪ್ಪು ಉದುರಿ, ಹೊಗೆಯ ಕಪ್ಪು ಹತ್ತಿದೆ. ದಿನಾ ಕೆಲಸ ಮುಗಿದ ಮೇಲೆ ಹುಲಿಗೆಮ್ಮ ನನ್ನ ಮುಂದೆ ಕೂತು ಆ ಕೊರೆದ ಗೀರುಗಳಲ್ಲಿ ಬೆರಳಿಟ್ಟು ತಿದ್ದುತ್ತಾಳೆ. ಒಂದು. ಒಂದು. ಅಂಗಳದಲ್ಲಿ ದುರಗವ್ವನ ಕೋಲಿನ ಸದ್ದು ಕೇಳಿದೊಡನೆ ಬೆರಳು ನಿಲ್ಲುತ್ತದೆ.

ಶಾಲೆಗೆಂದು ಹುಟ್ಟಿದ ನಾನು ಕಲಿಸಿದ್ದು ಒಬ್ಬಳಿಗೆ, ಎರಡೇ ಅಂಕಿ. ಅಷ್ಟು ಕಲಿಯುವುದರೊಳಗೆ ಆಕೆಯ ಮಗಳ ಕಾಲು ಹೋಗಿತ್ತು.