ನಿಲ್ಲದೇ ಹೋಗಬಹುದು

ನಿಯಮ ಬರೆದುಕೊಟ್ಟರೆ ತಾನೇ ಉತ್ತರ ಹುಡುಕುವ ಪ್ರೊಲಾಗ್ ಭಾಷೆಯಲ್ಲಿ ದೀಕ್ಷಿತಾ ಬಸ್ಸಿನ ದಾರಿ ತೋರಿಸುವ ಪ್ರೋಗ್ರಾಮ್ ಬರೆದಿದ್ದಳು. ಅವಳ ಸಹಪಾಠಿ ಜಸೀನಾ ಮಾಡಿದ್ದು ಇಂಥ ಪ್ರೋಗ್ರಾಮುಗಳನ್ನು ತಪಾಸಣೆ ಮಾಡುವ ಒಂದು ಪರೀಕ್ಷಕ. ಅದು ಪ್ರೋಗ್ರಾಮನ್ನು ಓಡಿಸದೆ, ನಿಯಮಗಳನ್ನಷ್ಟೇ ಓದಿ ತಪ್ಪು ಹಿಡಿಯುತ್ತಿತ್ತು. ಊರಿನ ಹೆಸರು ಬಾಯಾರಾಗಲಿ ದೇಲಂಪಾಡಿಯಾಗಲಿ, ಅದಕ್ಕೆ ಬರೀ ‘ಯಾವುದೋ ಊರು’.

ಊಟದ ಹೊತ್ತಿಗೆ ಜಸೀನಾ ಗೆಳತಿಯ ಪ್ರೋಗ್ರಾಮನ್ನು ಅದಕ್ಕೆ ಕೊಟ್ಟಳು. ‘ಇದು ನಿಲ್ಲದೇ ಹೋಗಬಹುದು’ ಎಂದು ಬಂತು.

“ಎಂತ ನಿಲ್ಲದ್ದು? ಬೆಳಿಗ್ಗೆಯಿಂದ ಸರಿಯಾಗಿ ಉತ್ತರ ಕೊಡ್ತಾ ಉಂಟು. ನಿನ್ನದಕ್ಕೆ ಹೆದರಿಕೆ ಜಾಸ್ತಿ ಮಾರಾಯ್ತಿ,” ಎಂದು ದೀಕ್ಷಿತಾ ನಕ್ಕಳು.

“ನೀನು ಹಾಕಿದ್ದು ಹೋಗುವ ಬಸ್ಸು ಮಾತ್ರ ಅಲ್ವಾ? ಬರುವ ಬಸ್ಸೂ ಹಾಕಿ ನೋಡು.”

ದೀಕ್ಷಿತಾ ಹಾಕಿದಳು. ಬಾಯಾರಿನಿಂದ ದೇಲಂಪಾಡಿಗೆ ದಾರಿ ಹುಡುಕಲು ಹೊರಟ ಪ್ರೋಗ್ರಾಮ್ ಉಪ್ಪಳಕ್ಕೆ ಹೋಯಿತು, ಬಾಯಾರಿಗೆ ಮರಳಿತು, ಮತ್ತೆ ಉಪ್ಪಳಕ್ಕೆ ಹೋಯಿತು. ಕೊನೆಗೆ ಕಂಪ್ಯೂಟರೇ ಸುಸ್ತಾಯಿತು. ನಾಚಿಕೆಯಾದರೂ ದೀಕ್ಷಿತಾಳಿಗೆ ನಗು ತಡೆಯಲಾಗಲಿಲ್ಲ. ಒಮ್ಮೆ ಮುಟ್ಟಿದ ಊರಿಗೆ ಮತ್ತೆ ಹೋಗಬಾರದೆಂಬ ನಿಯಮ ಸೇರಿಸಿದಳು. ದಾರಿ ಸಿಕ್ಕಿತು.

ಪರೀಕ್ಷಕ ಮಾತ್ರ ಪುನಃ ಅದನ್ನೇ ಹೇಳಿತು.

“ಈಗ ಎಂತ ಹೇಳ್ತಿ?” ಎಂದಳು ದೀಕ್ಷಿತಾ.

“ಊರುಗಳ ಪಟ್ಟಿ ಎಲ್ಲಿಯಾದರೂ ಮುಗೀತದೆ, ಆಗ ಹುಡುಕಾಟವೂ ನಿಲ್ತದೆ ಅಂತ ಅದಕ್ಕೆ ಗೊತ್ತಿಲ್ಲ. ನಾನೇ ಹೇಳಿಕೊಡಬೇಕು,” ಎಂದು ಜಸೀನಾ ಬುತ್ತಿ ಮುಚ್ಚಿ ಕೀಬೋರ್ಡ್ ಎಳೆದುಕೊಂಡಳು.